ಬಾಗಿಲು ಮುಚ್ಚಿದ ಕೋಣೆ: ಕ್ರೈಸ್ತ ಜೀವನದಲ್ಲಿ ಏಕಾಂತ ಪ್ರಾರ್ಥನೆ

ಧರ್ಮಗಳ ಅಧ್ಯಯನದಲ್ಲಿ ಕಣ್ಣಿಗೆ ಕಾಣುವ ಸಂಗತಿಗಳೇ ಮೊದಲು ಚರ್ಚೆಗೆ ಬರುವುದು ಸಹಜ. ಆಲಯ, ಉತ್ಸವ, ಗ್ರಂಥ, ಸಂಘಟನೆ ಇವುಗಳಿಗೆ ದಾಖಲೆಗಳಿರುತ್ತವೆ, ಸಾಕ್ಷಿಗಳಿರುತ್ತಾರೆ. ಕನ್ನಡದಲ್ಲಿ ಕ್ರೈಸ್ತಧರ್ಮವನ್ನು ಕುರಿತು ನಡೆದಿರುವ ವಿದ್ವತ್ ಚರ್ಚೆಯೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ಸಾಗಿದೆ. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದದ್ದು, ಹರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು, ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ೧೮೯೪ರಲ್ಲಿ ಪ್ರಕಟವಾದದ್ದು ಇವೆಲ್ಲ ಕನ್ನಡ ಸಾಹಿತ್ಯಚರಿತ್ರೆಯ ಪರಿಚಿತ ಪುಟಗಳು. ಆದರೆ ಈ ಕೆಲಸಗಳ ಹಿಂದಿದ್ದ ಧಾರ್ಮಿಕ ಜೀವನ ಎಂತಹುದು, ಅದರ ಒಳಗಿನ ಶಿಸ್ತು ಯಾವುದು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ. ಆ ಶಿಸ್ತಿನಲ್ಲಿ ಮುಖ್ಯವಾದುದು ಯಾರೂ ಕಾಣದ ಪ್ರಾರ್ಥನೆ. ಸಾಕ್ಷಿಯಿಲ್ಲದಿರುವುದೇ ಅದರ ಲಕ್ಷಣವಾದ್ದರಿಂದ ಅದಕ್ಕೆ ಚರಿತ್ರೆ ಬರೆಯುವುದು ಕಷ್ಟ. ಅದನ್ನು ಬಿಟ್ಟು ಕ್ರೈಸ್ತ ಜೀವನವನ್ನು ಅರ್ಥಮಾಡಿಕೊಳ್ಳುವುದು ಮಾತ್ರ ಇನ್ನೂ ಕಷ್ಟ.

ಏಕಾಂತ ಪ್ರಾರ್ಥನೆಗೆ ಸುವಾರ್ತೆಗಳಲ್ಲಿರುವ ಆಧಾರವೇನು, ಪರಂಪರೆಯಲ್ಲಿ ಅದು ಹೇಗೆ ಬೆಳೆಯಿತು, ಅದರ ಮೇಲೆ ಬಂದಿರುವ ಆಕ್ಷೇಪಗಳಾವುವು, ಸಮುದಾಯಕ್ಕೂ ಅದಕ್ಕೂ ಇರುವ ಸಂಬಂಧ ಎಂತಹುದು ಎಂಬ ನಾಲ್ಕು ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಪದ ಮತ್ತು ಅರ್ಥ

‘ಏಕಾಂತ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಚ್ಛಾಯೆಗಳಿವೆ. ಒಂದು, ಇತರರಿಲ್ಲದ ಸ್ಥಳ ಅಥವಾ ಸ್ಥಿತಿ. ಇನ್ನೊಂದು, ಒಂದೇ ಗುರಿಯಲ್ಲಿ ನೆಲೆನಿಂತಿರುವುದು. ದೇವಾಲಯಗಳ ‘ಏಕಾಂತ ಸೇವೆ’ಯಲ್ಲಿ ಮೊದಲನೆಯ ಅರ್ಥ ಮುಂದಾಗಿದ್ದರೆ, ‘ಏಕಾಂತ ಭಕ್ತಿ’ ಎನ್ನುವಾಗ ಎರಡನೆಯದು ಮುಂದಾಗುತ್ತದೆ. ಜನರಿಂದ ದೂರವಿದ್ದೂ ಮನಸ್ಸು ನೂರು ಕಡೆ ಹರಿಯುತ್ತಿದ್ದರೆ ಮೊದಲನೆಯ ಅರ್ಥದ ಏಕಾಂತವಿದೆ, ಎರಡನೆಯದಿಲ್ಲ. ಸಂತೆಯ ನಡುವೆ ನಿಂತೂ ಮನಸ್ಸು ಒಂದೆಡೆ ನೆಟ್ಟಿದ್ದರೆ ಎರಡನೆಯದಿದೆ, ಮೊದಲನೆಯದಿಲ್ಲ. ಕ್ರೈಸ್ತ ಪರಂಪರೆಯ ಏಕಾಂತ ಪ್ರಾರ್ಥನೆ ಈ ಎರಡು ಅರ್ಥಗಳ ನಡುವಿನ ದಾರಿ. ಮೊದಲನೆಯದು ಅಲ್ಲಿ ಸಾಧನ, ಎರಡನೆಯದು ಗುರಿ.

‘ಪ್ರಾರ್ಥನೆ’ ಎಂಬ ಪದವೂ ಗಮನಾರ್ಹ. ‘ಅರ್ಥ್’ ಧಾತುವಿನಿಂದ ಬಂದ ಈ ಪದದಲ್ಲಿ ಬಯಸುವುದು, ಬೇಡುವುದು ಎಂಬ ಭಾವವಿದೆ. ಪ್ರೊಟೆಸ್ಟಂಟ್ ಸಭೆಗಳ ಕನ್ನಡದಲ್ಲಿ ಇದೇ ಪದ ರೂಢಿಯಾಗಿದೆ. ಕಥೋಲಿಕರ ಕನ್ನಡದಲ್ಲಿ ಇದರೊಡನೆ ‘ಜಪ’ ಎಂಬ ಪದವೂ ಬಳಕೆಯಲ್ಲಿದ್ದು, ಮಣಿಗಳನ್ನು ಎಣಿಸುತ್ತ ಮಾಡುವ ಪ್ರಾರ್ಥನೆಗೆ ‘ಜಪಸರ’ ಎಂಬ ಸೊಗಸಾದ ಹೆಸರಿದೆ. ‘ಪ್ರಾರ್ಥನೆ’ಯಲ್ಲಿ ಬಯಕೆಯ ಅಂಶ ಮುಂದಾದರೆ ‘ಜಪ’ದಲ್ಲಿ ಆವರ್ತನೆಯ ಅಂಶ ಮುಂದಾಗುತ್ತದೆ. ಬಯಸುವುದು ಮತ್ತು ಮರಳಿ ಮರಳಿ ಅದೇ ಮಾತಿಗೆ ಬರುವುದು ಇವೆರಡೂ ಮುಂದಿನ ಚರ್ಚೆಯಲ್ಲಿ ಎದುರಾಗುವ ವಿಚಾರಗಳೇ.

೨. ಕೋಣೆ, ಬಾಗಿಲು, ನೋಡುವವನು

ಏಕಾಂತ ಪ್ರಾರ್ಥನೆಯ ಮೂಲಪಠ್ಯವೆಂದು ಪರಂಪರೆ ಪರಿಗಣಿಸಿರುವುದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯವನ್ನು. ಗುಡ್ಡದ ಮೇಲಿನ ಉಪದೇಶದ ಈ ಭಾಗದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಎಂಬ ಮೂರು ಧಾರ್ಮಿಕ ಕ್ರಿಯೆಗಳನ್ನು ಒಂದಾದ ಮೇಲೊಂದರಂತೆ ಎತ್ತಿಕೊಳ್ಳುತ್ತಾನೆ. ಮೂರನ್ನೂ ಕುರಿತ ಮಾತಿನ ಚೌಕಟ್ಟು ಒಂದೇ: ಜನರು ನೋಡಲೆಂದು ಮಾಡುವವರಿದ್ದಾರೆ, ಅವರಿಗೆ ಬರಬೇಕಾದ ಫಲ ಆಗಲೇ ಬಂದುಹೋಗಿದೆ, ಮಾಡುವುದನ್ನು ಮರೆಯಲ್ಲಿ ಮಾಡಬೇಕು, ಮರೆಯಲ್ಲಿ ನೋಡುವ ತಂದೆ ಅದನ್ನು ಬಲ್ಲನು. ಪ್ರಾರ್ಥನೆಯ ವಿಷಯದಲ್ಲಿ ಈ ಮರೆ ಒಂದು ಕೋಣೆಯ ರೂಪ ತಾಳುತ್ತದೆ. ಕೋಣೆಯನ್ನು ಹೊಕ್ಕು, ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂಬುದು ಅಲ್ಲಿನ ಬೋಧೆ.

ಮೂಲ ಗ್ರೀಕಿನಲ್ಲಿ ಈ ಕೋಣೆಗೆ ಬಳಸಿರುವ ಪದ ‘ತಮೇಯೋನ್’. ಒಳಕೋಣೆ ಎಂಬುದರ ಜೊತೆಗೆ ಉಗ್ರಾಣ ಎಂಬ ಅರ್ಥವೂ ಅದಕ್ಕಿದೆ. ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಕಾಗೆಗಳಿಗೆ ಉಗ್ರಾಣವಿಲ್ಲ, ಕಣಜವಿಲ್ಲ ಎಂದು ಹೇಳುವಾಗ ಬಂದಿರುವುದು ಇದೇ ಪದ. ಅಂದಿನ ಪಾಲೆಸ್ತೀನದ ಸಾಮಾನ್ಯ ರೈತನ ಮನೆಯಲ್ಲಿ ಇಡೀ ಕುಟುಂಬ ಒಂದೇ ಕೋಣೆಯಲ್ಲಿ ಬಾಳುತ್ತಿದ್ದು, ಬಾಗಿಲು ಹಾಕಿಕೊಳ್ಳಬಹುದಾದ ಒಳಭಾಗವೆಂದರೆ ಕಾಳುಕಡ್ಡಿ ಇಡುವ ಜಾಗವೇ ಆಗಿತ್ತೆಂದು ವ್ಯಾಖ್ಯಾನಕಾರರು ಸೂಚಿಸುತ್ತಾರೆ. ಹಾಗಾದರೆ ಇಲ್ಲಿ ಹೇಳಿರುವುದು ದೇವರ ಕೋಣೆಯಲ್ಲ, ಪೂಜಾಸ್ಥಳವಲ್ಲ. ಮನೆಯಲ್ಲಿ ಅತ್ಯಂತ ಲೌಕಿಕವಾದ, ಕತ್ತಲೆಯ, ಯಾರೂ ಅತಿಥಿಗಳನ್ನು ಕರೆದೊಯ್ಯದ ಮೂಲೆ. ಪವಿತ್ರಸ್ಥಳವೆಂಬ ಮನ್ನಣೆಯೂ ಪ್ರಾರ್ಥಿಸುವವನಿಗೆ ಅಲ್ಲಿ ದೊರೆಯುವುದಿಲ್ಲ.

ಬಾಗಿಲು ಮುಚ್ಚುವುದೇ ಸ್ವತಃ ಪುಣ್ಯಕಾರ್ಯವೆಂದು ಇದರಿಂದ ತಿಳಿಯಬಾರದು. ಹಳೆಯ ಒಡಂಬಡಿಕೆಯ ದಾನಿಯೇಲನ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೂವತ್ತು ದಿನಗಳವರೆಗೆ ಅರಸನ ಹೊರತು ಇನ್ನಾರಿಗೂ ಬಿನ್ನಹ ಮಾಡಬಾರದೆಂಬ ಆಜ್ಞೆ ಹೊರಟಾಗ ದಾನಿಯೇಲನು ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಗಳಿದ್ದ ಮಾಳಿಗೆಯಲ್ಲಿ ಎಂದಿನಂತೆ ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. ಅಲ್ಲಿ ತೆರೆದ ಕಿಟಕಿ, ಇಲ್ಲಿ ಮುಚ್ಚಿದ ಬಾಗಿಲು. ಮೇಲ್ನೋಟಕ್ಕೆ ವಿರುದ್ಧವಾಗಿ ತೋರುವ ಈ ಎರಡು ಚಿತ್ರಗಳ ತಿರುಳು ಒಂದೇ. ನೋಡುವವರ ಭಯದಿಂದ ದಾನಿಯೇಲನು ಕಿಟಕಿಯನ್ನು ಮುಚ್ಚಲಿಲ್ಲ. ನೋಡುವವರ ಮೆಚ್ಚುಗೆಗಾಗಿ ಶಿಷ್ಯನು ಬಾಗಿಲನ್ನು ತೆರೆಯಬಾರದು. ಮನುಷ್ಯರ ನೋಟಕ್ಕೆ ಪ್ರಾರ್ಥನೆಯ ಮೇಲೆ ಅಧಿಕಾರವಿರಬಾರದೆಂಬುದೇ ಎರಡು ಕಡೆಗಳಲ್ಲೂ ಇರುವ ಮಾತು.

ಮತ್ತಾಯನ ಅದೇ ಅಧ್ಯಾಯ ಮುಂದುವರಿದು ಕಣ್ಣನ್ನು ಕುರಿತ ಸಣ್ಣ ಸಾಮತಿಗೆ ಬರುತ್ತದೆ. ಕಣ್ಣು ‘ಸರಳ’ವಾಗಿದ್ದರೆ ದೇಹವೆಲ್ಲ ಬೆಳಕಾಗಿರುತ್ತದೆಂಬುದು ಅದರ ಸಾರ. ಅಲ್ಲಿನ ‘ಹಪ್ಲೂಸ್’ ಎಂಬ ಗ್ರೀಕ್ ಪದಕ್ಕೆ ಮಡಿಕೆಯಿಲ್ಲದ, ಇಬ್ಬಗೆಯಿಲ್ಲದ ಎಂಬ ಅರ್ಥವಿದೆ. ಅದರ ಬೆನ್ನಿಗೇ ಇಬ್ಬರು ಯಜಮಾನರ ಸೇವೆ ಸಾಧ್ಯವಿಲ್ಲವೆಂಬ ಮಾತು ಬರುತ್ತದೆ. ಮುಚ್ಚಿದ ಕೋಣೆಯಿಂದ ಹೊರಟ ಉಪದೇಶ ಇಬ್ಬಗೆಯಿಲ್ಲದ ಕಣ್ಣಿಗೂ ಒಬ್ಬನೇ ಒಡೆಯನಿಗೂ ಬಂದು ಮುಟ್ಟುತ್ತದೆ. ಏಕಾಂತದ ಮೊದಲ ಅರ್ಥದಿಂದ ಎರಡನೆಯ ಅರ್ಥಕ್ಕೆ ನಡೆಯುವ ದಾರಿ ಈ ಅಧ್ಯಾಯದ ರಚನೆಯಲ್ಲೇ ಇದೆ.

೩. ಯೇಸುವಿನ ಆಚರಣೆ

ಬೋಧೆಗಿಂತ ಆಚರಣೆಯ ಚಿತ್ರಗಳು ಹೆಚ್ಚು ಸ್ಪಷ್ಟ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಕಪೆರ್ನೌಮಿನ ಒಂದು ಸಂಜೆಯ ವರ್ಣನೆಯಿದೆ. ಸೂರ್ಯ ಮುಳುಗಿದ ಮೇಲೆ ರೋಗಿಗಳನ್ನು ಹೊತ್ತು ತಂದ ಜನರಿಂದ ಊರಿಗೆ ಊರೇ ಮನೆಯ ಬಾಗಿಲಲ್ಲಿ ನೆರೆಯುತ್ತದೆ. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಸೀಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು ಎಲ್ಲರೂ ಅವನನ್ನು ಹುಡುಕುತ್ತಿದ್ದಾರೆಂದು ತಿಳಿಸುತ್ತಾರೆ. ಅವನು ಕಪೆರ್ನೌಮಿಗೆ ಮರಳದೆ ನೆರೆಯ ಊರುಗಳಿಗೆ ಹೊರಡುವ ನಿರ್ಧಾರವನ್ನು ಹೇಳುತ್ತಾನೆ.

ಈ ಪ್ರಸಂಗದಲ್ಲಿ ಪ್ರಾರ್ಥನೆಯ ಮಾತುಗಳಾವುವೂ ದಾಖಲಾಗಿಲ್ಲ. ದಾಖಲಾಗಿರುವುದು ಅದರ ಮುಂಚಿನ ಸ್ಥಿತಿ ಮತ್ತು ಅದರ ನಂತರದ ನಿರ್ಧಾರ ಮಾತ್ರ. ಹಿಂದಿನ ಸಂಜೆ ಜನಪ್ರಿಯತೆಯ ತುದಿಯಲ್ಲಿದ್ದವನು ಬೆಳಿಗ್ಗೆ ಆ ಜನಪ್ರಿಯತೆ ಕರೆಯುತ್ತಿದ್ದ ದಿಕ್ಕನ್ನು ಬಿಟ್ಟು ಬೇರೆ ದಿಕ್ಕಿಗೆ ಹೊರಟನು. ಬಾಗಿಲಲ್ಲಿ ನೆರೆದವರ ಅಗತ್ಯ ಸುಳ್ಳಲ್ಲ, ಆದರೆ ಅದೊಂದೇ ದಾರಿಯನ್ನು ನಿರ್ಧರಿಸಲಿಲ್ಲ. ಏಕಾಂತ ಪ್ರಾರ್ಥನೆ ಕೆಲಸದಿಂದ ತಪ್ಪಿಸಿಕೊಳ್ಳುವ ಉಪಾಯವೆಂಬ ಆಕ್ಷೇಪಕ್ಕೆ ಈ ಪ್ರಸಂಗವೇ ಉತ್ತರ. ಯಾವ ಕೆಲಸ ತನ್ನದು ಎಂಬುದು ಅಲ್ಲಿ ಇತ್ಯರ್ಥವಾಗುತ್ತದೆ.

ಲೂಕನು ಇದನ್ನು ಒಂದು ರೂಢಿಯಾಗಿಯೇ ಚಿತ್ರಿಸುತ್ತಾನೆ. ಸುದ್ದಿ ಹಬ್ಬಿ ಜನಸಂದಣಿ ಹೆಚ್ಚಿದಂತೆಲ್ಲ ಯೇಸು ಅಡವಿಯ ಕಡೆಗೆ ಸರಿಯುತ್ತಿದ್ದನೆಂದೂ ಹನ್ನೆರಡು ಮಂದಿ ಅಪೊಸ್ತಲರನ್ನು ಆರಿಸುವ ಮುನ್ನ ಇಡೀ ರಾತ್ರಿ ಬೆಟ್ಟದ ಮೇಲೆ ಪ್ರಾರ್ಥನೆಯಲ್ಲಿದ್ದನೆಂದೂ ಹೇಳುತ್ತಾನೆ. ಪ್ರಾರ್ಥಿಸುವುದನ್ನು ಕಲಿಸಬೇಕೆಂದು ಶಿಷ್ಯರು ಕೇಳಿದ್ದು ಕೂಡ ಅವನು ಪ್ರಾರ್ಥನೆ ಮುಗಿಸಿದ್ದನ್ನು ಕಂಡಮೇಲೆಯೇ.

ಹಳೆಯ ಒಡಂಬಡಿಕೆಯಲ್ಲಿ ಇದಕ್ಕೊಂದು ಪೂರ್ವರೂಪವಿದೆ. ಮಕ್ಕಳಿಲ್ಲದ ಹನ್ನಳು ಶಿಲೋವಿನ ಆಲಯದಲ್ಲಿ ದನಿಯಿಲ್ಲದೆ, ತುಟಿ ಮಾತ್ರ ಅಲುಗುವಂತೆ ಪ್ರಾರ್ಥಿಸುತ್ತಿದ್ದಳು. ಯಾಜಕ ಏಲಿಯು ಅವಳು ಕುಡಿದಿದ್ದಾಳೆಂದು ತಿಳಿದು ಗದರಿಸಿದನು. ಪೂಜಾಸ್ಥಾನದ ಅಧಿಕಾರಿಗೇ ಪ್ರಾರ್ಥನೆಯ ಗುರುತು ಸಿಗಲಿಲ್ಲವೆಂಬುದು ಈ ಕಥೆಯ ಮೊನೆ. ಸಾರ್ವಜನಿಕ ಸ್ಥಳದಲ್ಲೂ ಹನ್ನಳ ಪ್ರಾರ್ಥನೆ ಏಕಾಂತದ್ದೇ ಆಗಿತ್ತು.

೪. ಮರುಭೂಮಿಯಿಂದ ಕ್ಷೌರದಂಗಡಿಯವರೆಗೆ

ಮೊದಲ ಶತಮಾನಗಳ ಕ್ರೈಸ್ತರು ದಿನದ ಗೊತ್ತಾದ ಹೊತ್ತುಗಳಲ್ಲಿ ಪ್ರಾರ್ಥಿಸುತ್ತಿದ್ದರು. ‘ದಿದಖೆ’ ಎಂಬ ಪ್ರಾಚೀನ ಬೋಧನಗ್ರಂಥ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸುತ್ತದೆ. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತಧರ್ಮಕ್ಕೆ ರೋಮ್ ಸಾಮ್ರಾಜ್ಯದ ಮನ್ನಣೆ ದೊರೆತು ಆಲಯಗಳು ತುಂಬತೊಡಗಿದವು. ಅದೇ ಕಾಲದಲ್ಲಿ ಈಜಿಪ್ಟಿನ ಮರುಭೂಮಿಯ ಗುಡಿಸಲುಗಳೂ ತುಂಬಿದ್ದು ಕಾಕತಾಳೀಯವಲ್ಲ. ಧರ್ಮ ಗೌರವದ ವಸ್ತುವಾದಾಗ ನೋಡುವವರಿಲ್ಲದ ಸ್ಥಳವನ್ನು ಹುಡುಕುವವರು ಹೆಚ್ಚಿದರು. ತನ್ನ ಕೋಣೆಯಲ್ಲಿ ಕುಳಿತಿದ್ದರೆ ಆ ಕೋಣೆಯೇ ಎಲ್ಲವನ್ನೂ ಕಲಿಸುವುದೆಂಬ ಅರ್ಥದ ಬೋಧೆಯೊಂದು ಸ್ಕೇತಿಸಿನ ಅಬ್ಬಾ ಮೋಸೆಯ ಹೆಸರಿನಲ್ಲಿ ಉಳಿದುಬಂದಿದೆ.

ಕೋಣೆ ಕಲಿಸುವ ಮೊದಲ ಪಾಠ ಹಿತವಾದುದಲ್ಲ. ನಾಲ್ಕನೆಯ ಶತಮಾನದ ಎವಾಗ್ರಿಯಸ್ ಪ್ರಾರ್ಥನೆಯನ್ನು ಕುರಿತು ೧೫೩ ಕಿರು ಅಧ್ಯಾಯಗಳ ಕೃತಿಯನ್ನು ರಚಿಸಿದವನು. ನಡುಹಗಲಿನಲ್ಲಿ ಏಕಾಂತವಾಸಿಯನ್ನು ಕಾಡುವ ಬೇಸರವನ್ನು ಅವನು ತನ್ನ ಇನ್ನೊಂದು ಕೃತಿಯಲ್ಲಿ ಸೂಕ್ಷ್ಮವಾಗಿ ವರ್ಣಿಸಿದ್ದಾನೆ. ಹೊತ್ತು ಸರಿಯುವುದೇ ಇಲ್ಲ. ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆಗೆ ಹೋಗುತ್ತದೆ. ಯಾರಾದರೂ ಬರಬಾರದೇ ಎನ್ನಿಸುತ್ತದೆ. ಬೇರೆ ಊರಾದರೆ ಸಾಧನೆ ಸುಲಭವೆಂದು ತೋರುತ್ತದೆ. ‘ಅಕೇದಿಯಾ’ ಎಂದು ಹೆಸರಾದ ಈ ಸ್ಥಿತಿಯ ಮುಂದೆ ಮರುಭೂಮಿಯ ಗುರುಗಳು ಇಟ್ಟ ಮದ್ದು ತಾಳ್ಮೆಯೊಂದೇ.

ಆರನೆಯ ಶತಮಾನದ ಬೆನೆಡಿಕ್ಟನ ನಿಯಮಾವಳಿ ಮಠಜೀವನದ ಸಾಮೂಹಿಕ ಪ್ರಾರ್ಥನೆಗಳನ್ನು ವಿವರವಾಗಿ ಗೊತ್ತುಪಡಿಸುತ್ತದೆ. ಒಬ್ಬನೇ ಪ್ರಾರ್ಥಿಸಬಯಸುವವನ ವಿಷಯದಲ್ಲಿ ಅದರ ಮಾತು ಚುಟುಕಾದುದು: ಅವನು ಸುಮ್ಮನೆ ಒಳಗೆ ಹೋಗಿ ಪ್ರಾರ್ಥಿಸಲಿ, ದನಿಯೆತ್ತುವುದು ಬೇಡ. ಪ್ರಾರ್ಥನೆ ಚಿಕ್ಕದಾಗಿಯೂ ನಿರ್ಮಲವಾಗಿಯೂ ಇರಬೇಕೆಂಬುದು ಅಲ್ಲಿನ ಇನ್ನೊಂದು ಸೂಚನೆ. ಎಲ್ಲವನ್ನೂ ವಿಧಿಸುವ ನಿಯಮಾವಳಿ ಇಲ್ಲಿ ಮಾತ್ರ ಹಿಂದೆ ಸರಿಯುತ್ತದೆ.

ಸುಧಾರಣೆಯ ಯುಗದಲ್ಲಿ ಈ ಸಾಧನೆ ಮಠದ ಗೋಡೆಯನ್ನು ದಾಟಿತು. ೧೫೩೫ರಲ್ಲಿ ಮಾರ್ಟಿನ್ ಲೂಥರ್ ಪ್ರಾರ್ಥನೆಯ ಸರಳ ಕ್ರಮವನ್ನು ವಿವರಿಸುವ ಕಿರುಪುಸ್ತಕವೊಂದನ್ನು ತನ್ನ ಕ್ಷೌರಿಕ ಪೀಟರನಿಗಾಗಿ ಬರೆದನು. ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಬೇಕೆಂಬ ಸಲಹೆ ಅದರಲ್ಲಿದೆ. ಏಕಾಗ್ರತೆಯನ್ನು ವಿವರಿಸಲು ಲೂಥರ್ ಕ್ಷೌರಿಕನ ಕಸುಬನ್ನೇ ಉದಾಹರಿಸುತ್ತಾನೆ. ಒಳ್ಳೆಯ ಕ್ಷೌರಿಕನ ಮನಸ್ಸೂ ಕಣ್ಣೂ ಕತ್ತಿಯ ಮೇಲೆ, ಕೂದಲಿನ ಮೇಲೆ ಇರಬೇಕು. ಹರಟೆಯಲ್ಲಿ ಮೈಮರೆತರೆ ಗಿರಾಕಿಯ ಮೂಗಿಗೋ ಕೊರಳಿಗೋ ಅಪಾಯ. ಸಂನ್ಯಾಸಿಯ ಸಾಧನೆಯೆಂದು ತಿಳಿಯಲಾಗಿದ್ದುದಕ್ಕೆ ಇಲ್ಲಿ ಕಸುಬುದಾರನ ಅನುಭವವೇ ಪ್ರಮಾಣವಾಗಿದೆ. ಹದಿನೇಳನೆಯ ಶತಮಾನದ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಅಡುಗೆಮನೆಯ ಕೆಲಸಕ್ಕಿದ್ದ ಸೋದರ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸಾನ್ನಿಧ್ಯದ ಸ್ಮರಣೆಯನ್ನು ಕಾಪಾಡಿಕೊಂಡದ್ದು ಇದೇ ನೆಲೆಯ ಇನ್ನೊಂದು ನಿದರ್ಶನ.

ಸ್ಪೇನರನ ‘ಪಿಯಾ ದೆಸಿದೇರಿಯಾ’ (೧೬೭೫) ಕೃತಿಯಿಂದ ಬಲಗೊಂಡ ಜರ್ಮನಿಯ ಪಯೆಟಿಸ್ಟ್ ಚಳುವಳಿ ಪ್ರತಿಯೊಬ್ಬ ವಿಶ್ವಾಸಿಯ ಸ್ವಂತ ಬೈಬಲ್ ವಾಚನಕ್ಕೂ ಪ್ರಾರ್ಥನೆಗೂ ಮಹತ್ವ ಕೊಟ್ಟಿತು. ಹೆರ್ನ್‌ಹೂಟಿನ ಮೊರೇವಿಯನ್ ಸಮುದಾಯ ದಿನಕ್ಕೊಂದು ವೇದವಾಕ್ಯವನ್ನು ಆರಿಸಿ ಕೊಡುವ ಪುಸ್ತಕವನ್ನು ೧೭೩೧ರಿಂದ ಮುದ್ರಿಸತೊಡಗಿತು. ಆ ಪದ್ಧತಿ ಇಂದಿಗೂ ನಿಂತಿಲ್ಲ. ೧೮೧೫ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಬೆಳೆದದ್ದು ಈ ಪಯೆಟಿಸ್ಟ್ ಮಣ್ಣಿನಲ್ಲೇ. ಕರಾವಳಿಯಲ್ಲೂ ಧಾರವಾಡದ ಸೀಮೆಯಲ್ಲೂ ಕನ್ನಡಕ್ಕಾಗಿ ದುಡಿದವರ ಒಳಗಿನ ಶಿಸ್ತು ಹೀಗೆ ಒಂದು ದೀರ್ಘ ಪರಂಪರೆಗೆ ಸೇರಿದುದು. ಅವರ ನಿಘಂಟು ವ್ಯಾಕರಣಗಳನ್ನು ಓದುವಾಗ ಈ ಹಿನ್ನೆಲೆಯನ್ನು ನೆನೆಯುವುದು ಅಗತ್ಯ.

೫. ಮೂರು ಆಕ್ಷೇಪಗಳು

ಏಕಾಂತ ಪ್ರಾರ್ಥನೆಯ ಮೇಲಿನ ಮೊದಲ ಆಕ್ಷೇಪ ಸುವಾರ್ತೆಯ ಒಳಗಿನಿಂದಲೇ ಹುಟ್ಟುತ್ತದೆ. ಬೇಡುವ ಮುಂಚೆಯೇ ಅಗತ್ಯವೇನೆಂದು ತಂದೆಗೆ ತಿಳಿದಿದೆಯೆಂದು ಮತ್ತಾಯನ ಅದೇ ಅಧ್ಯಾಯ ಹೇಳುತ್ತದೆ. ಹಾಗಾದರೆ ಬೇಡುವುದೇಕೆ? ಸುಮಾರು ೪೧೨ರಲ್ಲಿ ಪ್ರೋಬಾ ಎಂಬ ವಿಧವೆಗೆ ಬರೆದ ದೀರ್ಘ ಪತ್ರದಲ್ಲಿ ಅಗಸ್ಟಿನನು ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ದೇವರಿಗೆ ಸುದ್ದಿ ಮುಟ್ಟಿಸಲು ಪ್ರಾರ್ಥನೆ ಬೇಕಿಲ್ಲ. ಬೇಡುವವನ ಬಯಕೆ ಪಳಗಬೇಕು, ಅವನು ಪಡೆಯಲಿರುವುದಕ್ಕೆ ತಕ್ಕಷ್ಟು ಹಿಗ್ಗಬೇಕು ಎಂಬುದು ಅವನ ಉತ್ತರದ ಸಾರ. ಪಾತ್ರೆ ಚಿಕ್ಕದಾದರೆ ಕೊಡುವವನ ಔದಾರ್ಯದಿಂದ ಪ್ರಯೋಜನವಿಲ್ಲ. ‘ಪ್ರಾರ್ಥನೆ’ ಎಂಬ ಪದದ ಧಾತುವಿನಲ್ಲೇ ಇರುವ ಬಯಕೆಯ ಅಂಶ ಅಗಸ್ಟಿನನ ಈ ವಿವರಣೆಗೆ ಕನ್ನಡದಲ್ಲಿ ಸಹಜವಾಗಿ ಹೊಂದಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಪ್ರಾರ್ಥಿಸುವವರದೇ: ಕುಳಿತರೂ ಏನೂ ಆಗುವುದಿಲ್ಲ. ಪ್ರಾರ್ಥನೆಯ ಮಹಾಗುರುವೆಂದು ಕಥೋಲಿಕ ಪರಂಪರೆ ಗೌರವಿಸುವ ಆವಿಲಾದ ತೆರೇಸಾ (೧೫೧೫–೧೫೮೨) ತನ್ನ ಆತ್ಮಕಥನದಲ್ಲಿ ಈ ವಿಷಯದಲ್ಲಿ ಬಿಚ್ಚುಮನಸ್ಸಿನವಳು. ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುವುದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತ ದಿನಗಳನ್ನು ಅವಳು ಒಪ್ಪಿಕೊಳ್ಳುತ್ತಾಳೆ. ವಿನಯದ ನೆಪದಲ್ಲಿ ಕೆಲಕಾಲ ಮೌನಪ್ರಾರ್ಥನೆಯನ್ನೇ ಬಿಟ್ಟದ್ದು ತನ್ನ ಬಾಳಿನ ದೊಡ್ಡ ತಪ್ಪೆಂದೂ ಎಣಿಸುತ್ತಾಳೆ. ೧೫೭೭ರಲ್ಲಿ ಅವಳು ಬರೆದ ‘ಒಳಕೋಟೆ’ಯ ಏಳು ನೆಲೆಗಳ ಭವ್ಯ ಚಿತ್ರದ ಹಿಂದೆ ಈ ಒಣ ವರ್ಷಗಳಿವೆ. ಅವಳಿಗೆ ಪ್ರಾರ್ಥನೆ ಗೆಳೆತನದ ಮಾತುಕತೆಯಿದ್ದಂತೆ. ಗೆಳೆತನದಲ್ಲಿ ಪ್ರತಿ ಭೇಟಿಯೂ ರಸಮಯವಾಗಿರುವುದಿಲ್ಲ. ಹೋಗುವುದನ್ನು ನಿಲ್ಲಿಸಿದಾಗ ಮಾತ್ರ ಅದು ಸಾಯುತ್ತದೆ.

ಮೂರನೆಯ ಆಕ್ಷೇಪ ಆಧುನಿಕ ತತ್ತ್ವಶಾಸ್ತ್ರದ್ದು, ಹೆಚ್ಚು ಗಂಭೀರವಾದುದು. ಕಾಂಟನು ೧೭೯೩ರಲ್ಲಿ ಪ್ರಕಟಿಸಿದ ಧರ್ಮವಿಷಯಕ ಗ್ರಂಥದಲ್ಲಿ, ಒಬ್ಬನೇ ಪ್ರಾರ್ಥಿಸುತ್ತಿರುವವನನ್ನು ಅನಿರೀಕ್ಷಿತವಾಗಿ ಯಾರಾದರೂ ಕಂಡರೆ ಅವನು ನಾಚಿಕೊಳ್ಳುತ್ತಾನೆಂಬುದನ್ನು ಗುರುತಿಸುತ್ತಾನೆ. ತನ್ನೊಡನೆ ತಾನೇ ಮಾತಾಡುವವನನ್ನು ಲೋಕ ಬುದ್ಧಿಭ್ರಮೆಯವನೆಂದು ಶಂಕಿಸುವುದರಿಂದ ಈ ನಾಚಿಕೆ ಎಂಬುದು ಅವನ ವಿವರಣೆ. ೧೮೪೧ರ ‘ಕ್ರೈಸ್ತಧರ್ಮದ ಸಾರ’ದಲ್ಲಿ ಫಾಯರ್‌ಬಾಖ್ ಇನ್ನೂ ಮುಂದೆ ಹೋಗಿ, ಪ್ರಾರ್ಥನೆಯೆಂದರೆ ಮನುಷ್ಯನು ತನ್ನ ಹೃದಯದೊಡನೆಯೇ ನಡೆಸುವ ಸಂಭಾಷಣೆಯೆಂದು ವಾದಿಸಿದನು.

ಈ ಅಪಾಯ ಸುವಾರ್ತೆಗೆ ತಿಳಿಯದುದಲ್ಲ. ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಪರಿಸಾಯನ ಮತ್ತು ಸುಂಕದವನ ಸಾಮತಿಯಿದೆ. ಪರಿಸಾಯನ ಪ್ರಾರ್ಥನೆಯನ್ನು ವರ್ಣಿಸುವ ಗ್ರೀಕ್ ಮಾತನ್ನು ‘ತನ್ನಷ್ಟಕ್ಕೆ’ ಎಂದೂ ‘ತನ್ನ ಕಡೆಗೇ’ ಎಂದೂ ಎರಡು ಬಗೆಯಾಗಿ ಅರ್ಥೈಸಬಹುದು. ಅವನ ಪ್ರಾರ್ಥನೆಯಲ್ಲಿ ಬೇಡಿಕೆಯೇ ಇಲ್ಲ, ಇರುವುದು ತನ್ನ ಗುಣಗಳ ಪಟ್ಟಿ. ಅವನ ಮುಖ್ಯ ಪ್ರೇಕ್ಷಕನು ಅವನೇ. ಬಾಗಿಲು ಮುಚ್ಚಿದ ಮಾತ್ರಕ್ಕೆ ಪ್ರೇಕ್ಷಕರೆಲ್ಲ ಹೊರಗುಳಿಯುವುದಿಲ್ಲ. ಕಡೆಯ ಪ್ರೇಕ್ಷಕನು ಒಳಗೇ ಬಂದಿರುತ್ತಾನೆ. ಫಾಯರ್‌ಬಾಖ್ ಪ್ರಾರ್ಥನೆಯ ಸ್ವರೂಪವೆಂದು ಹೇಳಿದ್ದನ್ನು ಸುವಾರ್ತೆ ಪ್ರಾರ್ಥನೆಯ ವಿಕೃತಿಯೆಂದು ಗುರುತಿಸುತ್ತದೆ.

ಇವೆರಡರ ವ್ಯತ್ಯಾಸವನ್ನು ತಿಳಿಯುವ ಬಗೆ ಹೇಗೆ? ಕ್ರೈಸ್ತ ಪರಂಪರೆ ತೋರಿಸುವ ಗುರುತು ನಿರಾಕರಣೆ. ಗೆತ್ಸೇಮನೆಯ ತೋಟದಲ್ಲಿ ಯೇಸು ತನ್ನ ಮುಂದಿರುವ ಸಂಕಟ ತಪ್ಪಲೆಂದು ಬೇಡುತ್ತಾನೆ, ಅದು ತಪ್ಪುವುದಿಲ್ಲ. ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳು ತೊಲಗಲೆಂದು ಮೂರು ಸಲ ಬೇಡುತ್ತಾನೆ, ಅದು ತೊಲಗುವುದಿಲ್ಲ. ಮನುಷ್ಯನ ಆಸೆಯ ಮಾರ್ದನಿಯಷ್ಟೇ ಪ್ರಾರ್ಥನೆಯಾಗಿದ್ದರೆ ಅದರ ಕೇಂದ್ರದಲ್ಲಿ ಈ ಎರಡು ನಿರಾಕರಣೆಗಳು ನಿಲ್ಲುತ್ತಿರಲಿಲ್ಲ. ಇದು ತಾರ್ಕಿಕವಾದ ರುಜುವಾತಲ್ಲ. ಫಾಯರ್‌ಬಾಖ್‌ನ ಅನುಯಾಯಿಗೆ ಇದಕ್ಕೂ ಉತ್ತರವಿದ್ದೀತು. ಆದರೆ ಪ್ರಾರ್ಥನೆಯಿಂದ ಎದ್ದವನು ಕುಳಿತಾಗ ಬಯಸಿದ್ದನ್ನೇ ಯಾವಾಗಲೂ ಬಯಸುತ್ತಿದ್ದರೆ ಶಂಕೆಗೆ ಕಾರಣವಿದೆ ಎಂಬ ಎಚ್ಚರವನ್ನು ಪರಂಪರೆ ತನಗೆ ತಾನೇ ವಿಧಿಸಿಕೊಂಡಿದೆ.

೬. ಏಕಾಂತದಲ್ಲಿ ‘ನಮ್ಮ’ ಎನ್ನುವುದು

ಮುಚ್ಚಿದ ಕೋಣೆಯ ಬೋಧೆಯ ಬೆನ್ನಿಗೇ ಮತ್ತಾಯನ ಸುವಾರ್ತೆ ಯೇಸು ಕಲಿಸಿದ ಪ್ರಾರ್ಥನೆಯನ್ನು ಕೊಡುತ್ತದೆ. ಒಬ್ಬಂಟಿಯಾಗಿ ಕುಳಿತವನು ಅಲ್ಲಿ ಆಡಬೇಕಾದ ಸಂಬೋಧನೆಯಲ್ಲಿ ‘ನನ್ನ’ ಇಲ್ಲ, ‘ನಮ್ಮ’ ಇದೆ. ಆಹಾರವನ್ನು ಬೇಡುವಾಗಲೂ ಕ್ಷಮೆಯನ್ನು ಬೇಡುವಾಗಲೂ ಬಹುವಚನವೇ. ಮೂರನೆಯ ಶತಮಾನದ ಕಾರ್ಥೇಜಿನ ಸಿಪ್ರಿಯನ್ ಈ ಬಹುವಚನದ ಮೇಲೆಯೇ ತನ್ನ ವ್ಯಾಖ್ಯಾನವನ್ನು ನಿಲ್ಲಿಸಿದನು. ಐಕ್ಯವನ್ನು ಬೋಧಿಸಿದ ಗುರು ಪ್ರತಿಯೊಬ್ಬನೂ ತನಗಾಗಿ ಮಾತ್ರ ಪ್ರಾರ್ಥಿಸುವುದನ್ನು ಒಪ್ಪಲಿಲ್ಲವೆಂಬುದು ಅವನ ನಿಲುವು.

ಈ ಸರ್ವನಾಮವನ್ನು ದ್ರಾವಿಡ ಭಾಷೆಗಳ ಹಿನ್ನೆಲೆಯಲ್ಲಿ ನೋಡುವುದು ಉಪಯುಕ್ತ. ತಮಿಳಿನಲ್ಲಿ ಕೇಳುಗನನ್ನು ಒಳಗೊಳ್ಳುವ ‘ನಾಂ’ ಮತ್ತು ಹೊರಗಿಡುವ ‘ನಾಂಗಳ್’ ಎಂಬ ಎರಡು ಉತ್ತಮಪುರುಷ ಬಹುವಚನಗಳಿವೆ. ತುಳುವಿನಲ್ಲೂ ಇಂಥ ಭೇದವಿದೆ. ತಮಿಳಿನ ಪ್ರಾರ್ಥನಾಪಠ್ಯ ‘ಎಂಗಳ್’ ಎಂಬ ರೂಪವನ್ನು ಬಳಸುತ್ತದೆ. ಕೇಳುವವನು ದೇವರಾದ್ದರಿಂದ ಅವನನ್ನು ಬಿಟ್ಟು, ಪ್ರಾರ್ಥಿಸುವ ಮನುಷ್ಯರಷ್ಟೇ ಆ ‘ನಮ್ಮ’ದೊಳಗೆ ಬರುತ್ತಾರೆ. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ‘ನಮ್ಮ’ ಎಂಬ ಒಂದೇ ರೂಪ ಎರಡಕ್ಕೂ ಸಲ್ಲುತ್ತದೆ. ತಮಿಳಿನ ರೂಪ ಒಂದು ಸಂಗತಿಯನ್ನು ವ್ಯಾಕರಣದಲ್ಲೇ ನಿಚ್ಚಳಗೊಳಿಸುತ್ತದೆ: ಕೋಣೆಯಲ್ಲಿ ಒಬ್ಬನೇ ಇದ್ದರೂ ಆ ಬಹುವಚನ ಅವನನ್ನೂ ದೇವರನ್ನೂ ಕೂಡಿಸಿ ಹೇಳಿದ್ದಲ್ಲ. ಅವನನ್ನೂ ಬಾಗಿಲಿನಾಚೆ ಉಳಿದ ಇತರರನ್ನೂ ಕೂಡಿಸಿ ಹೇಳಿದ್ದು. ಹೊರಗೆ ಬಿಟ್ಟುಬಂದ ನೆರೆಯವರು ಸರ್ವನಾಮದ ಮೂಲಕ ಒಳಗೆ ಬರುತ್ತಾರೆ. ಆದರೆ ಈಗ ಅವರು ಪ್ರೇಕ್ಷಕರಲ್ಲ, ಸಹಭಾಗಿಗಳು.

ಇದೇ ತತ್ತ್ವವನ್ನು ಇಪ್ಪತ್ತನೆಯ ಶತಮಾನದಲ್ಲಿ ಬಾಳಿ ತೋರಿದವನು ಡೀಟ್ರಿಕ್ ಬಾನ್‌ಹಾಫರ್. ನಾತ್ಸಿ ಆಡಳಿತವನ್ನು ವಿರೋಧಿಸಿದ ಸಭೆಗಾಗಿ ಅವನು ಫಿಂಕೆನ್‌ವಾಲ್ಡೆಯಲ್ಲಿ ನಡೆಸುತ್ತಿದ್ದ ಪಾಠಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ದಿನವೂ ಅರ್ಧ ಗಂಟೆಯ ಮೌನಧ್ಯಾನ ಕಡ್ಡಾಯವಾಗಿತ್ತು. ಹಲವರಿಗೆ ಅದು ಒಗ್ಗಲಿಲ್ಲ; ಆದರೂ ಅವನು ಕೈಬಿಡಲಿಲ್ಲ. ೧೯೩೭ರಲ್ಲಿ ಗುಪ್ತ ಪೊಲೀಸರು ಆ ಶಾಲೆಯನ್ನು ಮುಚ್ಚಿಸಿದರು. ಆ ಅನುಭವದಿಂದ ಹುಟ್ಟಿ ೧೯೩೯ರಲ್ಲಿ ಪ್ರಕಟವಾದ ‘ಕೂಡುಬಾಳು’ ಎಂಬ ಅರ್ಥದ ಹೆಸರಿನ ಕೃತಿಯಲ್ಲಿ ಅವನು ಎರಡು ಎಚ್ಚರಿಕೆಗಳನ್ನು ಜೊತೆಗಿಡುತ್ತಾನೆ. ಒಂಟಿಯಾಗಿರಲಾರದವನಿಗೆ ಸಮುದಾಯವೂ ಅಪಾಯ. ಸಮುದಾಯದಲ್ಲಿ ಇರಲಾರದವನಿಗೆ ಏಕಾಂತವೂ ಅಪಾಯ. ೧೯೪೩ರ ಕ್ರಿಸ್ಮಸ್ ಹೊತ್ತಿಗೆ ಅವನು ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದನು. ಬೇರೆಯವರು ಹೊರಗಿನಿಂದ ಮುಚ್ಚಿದ ಬಾಗಿಲಿನ ಹಿಂದೆ ಅವನು ಬರೆದದ್ದು ಸಹಬಂದಿಗಳ ಬಳಕೆಗಾಗಿ ಪ್ರಾರ್ಥನೆಗಳನ್ನು. ೧೯೪೫ರ ಏಪ್ರಿಲ್ ೯ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಸ್ವತಂತ್ರನಾಗಿದ್ದಾಗ ಕೋಣೆಯಲ್ಲಿ ಕುಳಿತು ಕಲಿತ ಪಾಠ ಸೆರೆಯಲ್ಲಿ ಬೇರೆಯವರ ಪಾಲಿಗೂ ಒದಗಿತು.

ಕೋಣೆಯನ್ನು ಕುರಿತ ಒಂದು ಸಾಮಾಜಿಕ ಪ್ರಶ್ನೆಯನ್ನೂ ಇಲ್ಲಿ ಕಡೆಗಣಿಸುವಂತಿಲ್ಲ. ಬಾಗಿಲು ಹಾಕಿಕೊಳ್ಳಲು ಕೋಣೆಯಿರುವುದು ಎಲ್ಲರ ಪಾಲಿಗೂ ಬಂದ ಸೌಕರ್ಯವಲ್ಲ. ಹತ್ತು ಜನರ ಒಂದು ಅಂಕಣದ ಮನೆಯಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದ ಹೆಂಗಸಿನ ದಿನದಲ್ಲಿ ಈ ಬೋಧೆ ಹೇಗೆ ಅನ್ವಯಿಸುತ್ತದೆ? ಮೆಥಡಿಸ್ಟ್ ಚಳುವಳಿಯ ಜಾನ್ ವೆಸ್ಲಿಯ ತಾಯಿ ಸುಸನ್ನಾ (೧೬೬೯–೧೭೪೨) ಮಕ್ಕಳ ಗದ್ದಲದ ನಡುವೆ ಮುಸುರೆಬಟ್ಟೆಯನ್ನು ತಲೆಯ ಮೇಲೆ ಹೊದ್ದು ಪ್ರಾರ್ಥಿಸುತ್ತಿದ್ದಳೆಂದು ಪ್ರತೀತಿಯಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಸೆರಗನ್ನು ತಲೆಗೆ ಹೊದೆಯುವ ರೂಢಿ ಕರ್ನಾಟಕದ ಕ್ರೈಸ್ತ ಮಹಿಳೆಯರಲ್ಲೂ ಇದೆ. ಅದಕ್ಕೆ ಪೌಲನ ಪತ್ರದ ವಿಧಿ ಮೂಲವಾದರೂ, ಆ ಕ್ಷಣದ ಮಟ್ಟಿಗೆ ಸೆರಗೇ ಬಾಗಿಲಾಗುವುದೂ ಉಂಟು. ಆದರೆ ಇಂತಹ ಉದಾಹರಣೆಗಳನ್ನು ಮೆಚ್ಚಿ ಸುಮ್ಮನಾಗುವುದು ಸರಿಯಲ್ಲ. ದಿನದ ಆಹಾರವನ್ನು ‘ನಮ್ಮ’ ಆಹಾರವೆಂದು ಬೇಡುವವರಿಗೆ, ಇನ್ನೊಬ್ಬರಿಗೆ ಬಿಡುವೂ ಸ್ಥಳವೂ ಇಲ್ಲದಿರುವುದು ತಮ್ಮ ಪ್ರಾರ್ಥನೆಗೇ ಸಂಬಂಧಿಸಿದ ವಿಷಯ.

೭. ಉಪಸಂಹಾರ

ಈವರೆಗಿನ ಪರಿಶೀಲನೆಯಿಂದ ಮೂರು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ಕ್ರೈಸ್ತ ಜೀವನದಲ್ಲಿ ಏಕಾಂತ ಪ್ರಾರ್ಥನೆ ಸಾರ್ವಜನಿಕ ಆರಾಧನೆಗೆ ಪರ್ಯಾಯವಲ್ಲ, ಅದರ ಪ್ರಾಮಾಣಿಕತೆಯ ಪರೀಕ್ಷೆ. ಯಾರೂ ನೋಡದಾಗ ಉಳಿಯುವುದೆಷ್ಟೋ ಅಷ್ಟೇ ನಿಜವಾದುದು. ಎರಡನೆಯದಾಗಿ, ಬಯಕೆಯನ್ನು ಈಡೇರಿಸಿಕೊಳ್ಳುವುದಕ್ಕಿಂತ ಬಯಕೆಯನ್ನೇ ತಿದ್ದಿಕೊಳ್ಳುವುದು ಅದರ ಮುಖ್ಯ ಫಲ. ಕಪೆರ್ನೌಮಿನ ಬೆಳಗೂ ಗೆತ್ಸೇಮನೆಯ ರಾತ್ರಿಯೂ ಇದಕ್ಕೆ ಸಾಕ್ಷಿ. ಮೂರನೆಯದಾಗಿ, ಈ ಏಕಾಂತದ ವ್ಯಾಕರಣ ಬಹುವಚನದ್ದು.

ಅಂತರಂಗ–ಬಹಿರಂಗಗಳ ಸಂಬಂಧವನ್ನು ಶರಣರ ಕಾಲದಿಂದ ಚರ್ಚಿಸುತ್ತ ಬಂದಿರುವ ಕನ್ನಡದ ಮನಸ್ಸಿಗೆ ಈ ವಿಚಾರಗಳು ಅಪರಿಚಿತವಲ್ಲ. ಆದರೆ ಪರಿಭಾಷೆ ಒಂದೇ ಆದ ಮಾತ್ರಕ್ಕೆ ಅನುಭವವೂ ಒಂದೇ ಎಂದು ಅವಸರದಿಂದ ಹೇಳಬೇಕಾಗಿಲ್ಲ. ಇಲ್ಲಿ ಕೋಣೆಯನ್ನು ಹೊಕ್ಕವನು ತನ್ನ ಸ್ವರೂಪವನ್ನು ಅರಸುವುದಕ್ಕಿಂತ ಮೊದಲು ತಂದೆಯೊಬ್ಬನನ್ನು ಸಂಬೋಧಿಸುತ್ತಾನೆ. ಆ ಸಂಬೋಧನೆಯೇ ಅವನನ್ನು ಮತ್ತೆ ಸೋದರರ ನಡುವೆ ತಂದು ನಿಲ್ಲಿಸುತ್ತದೆ. ಮುಚ್ಚಿದ ಬಾಗಿಲು ತೆರೆಯಲೇಬೇಕಾದ ಬಾಗಿಲು. ಅದು ತೆರೆದಾಗ ಹೊರಬರುವವನು ನೆರೆಯವನನ್ನು ಯಾವ ಕಣ್ಣಿನಿಂದ ನೋಡುತ್ತಾನೆಂಬುದರಲ್ಲೇ ಒಳಗೆ ನಡೆದುದರ ಬೆಲೆ ತಿಳಿಯುತ್ತದೆ.